ವಾಪಸ್ ಬರದೆ ಹೋದರೆ ಎಂದು ಕೇಳಿದವನಿಗೆ

ಬೆಂಗಳೂರು
ಭಾನುವಾರ

ಚಿ. ರಾಘುವಿಗೆ ಅಜ್ಜನ ಆಶೀರ್ವಾದಗಳು.

ಮನೆ ಸುದ್ದಿಯೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ನಾನು ಮತ್ತೆ ಬರೆಯುವುದಿಲ್ಲ. ನಿನ್ನ ಕಾಗದದ ಮೂರು ಪುಟ ಮೆಸ್ಸಿನ ಊಟ, ಚಳಿ, ಹೊಸ ಬೂಟು. ಅದನ್ನು ನಗುತ್ತಲೇ ಓದಿದೆ. ಕೊನೆಯಲ್ಲಿ ಹೆಸರಿಗಿಂತ ಮೇಲೆ, ಅಕ್ಷರ ಸ್ವಲ್ಪ ಸಣ್ಣದು ಮಾಡಿ ಒಂದು ಸಾಲು ಬರೆದಿದ್ದೀಯ. "ನಾನು ಸಹಿ ಹಾಕಿ ಕಳಿಸಿದ ವಿಮಾನ ವಾಪಸ್ ಬರದೆ ಹೋದರೆ?" ಅಲ್ಲಿಗೇ ಕಾಗದ ಮುಗಿಸಿಬಿಟ್ಟಿದ್ದೀಯ. ಮೂರು ರಾತ್ರಿಯಿಂದ ಆ ಸಾಲು ನನ್ನ ಮಗ್ಗುಲಲ್ಲೇ ಮಲಗಿದೆ.

ಹಾರುವ ಮುಂಚೆ ನೀನು ತಪಾಸಣೆ ಮಾಡಿ ಸಹಿ ಹಾಕುವುದು ಯಾವ ವಿಮಾನಕ್ಕೆ ಎಂದು ಬರೆಯದೆ ಇದ್ದದ್ದು ಸರಿ. ನಾನೂ ಕೇಳುವುದಿಲ್ಲ. ನನಗೆ ಗೊತ್ತಿರುವುದು ಹಳೇ ಪಿಸ್ಟನ್ ಎಂಜಿನ್ನು. ಅದರಲ್ಲೂ ಡಕೋಟಾ ಸಾಗಣೆ ವಿಮಾನಕ್ಕೆ ಹಾಕುತ್ತಿದ್ದ ಹದಿನಾಲ್ಕು ಸಿಲಿಂಡರಿನ ಪ್ರ್ಯಾಟ್ ಅಂಡ್ ವಿಟ್ನಿ. ಯುದ್ಧಕಾಲದ ಲಿಬರೇಟರ್ ಬಾಂಬರಿನ ರೆಕ್ಕೆಯಲ್ಲಿ ಇದ್ದದ್ದೂ ಅದೇ ವಂಶದ ಎಂಜಿನ್ನು, ಅಲ್ಲಿ ನಾಲ್ಕು. ನನಗೆ ಕೆಲಸ ಕಲಿಸಿದ ಹಿರಿಯರಲ್ಲಿ ಕೆಲವರು ಆ ಲಿಬರೇಟರ್‌ಗಳನ್ನು ಕಳಿಸಿ ಕಾದವರು. ನಿನ್ನ ಪ್ರಶ್ನೆ ಅವರ ಪ್ರಶ್ನೆಯೇ. ಅದಕ್ಕೇ ಈ ಕಾಗದ ಅವರ ಕಡೆಗೆ ಹೊರಳುತ್ತದೆ, ಬೇಸರ ಮಾಡಿಕೊಳ್ಳಬೇಡ.

ನಮ್ಮ ಕೋಲಾರದಲ್ಲಿ ಆಗ ಬ್ರಿಟಿಷ್ ವಾಯುಪಡೆಯ ಏರೋಡ್ರೋಮ್ ಇತ್ತು. ಲಿಬರೇಟರ್ ಹಾರಿಸುವವರಿಗೆ ಅಲ್ಲಿ ತರಬೇತಿ. 1944ರ ನವೆಂಬರಿನಲ್ಲಿ ಆ ತರಬೇತಿ ಘಟಕದ ಜನರಿಂದಲೇ 358ನೇ ಸ್ಕ್ವಾಡ್ರನ್ ಕಟ್ಟಿ, ಮುಂದಿನ ಜನವರಿಗೆ ಬಂಗಾಳದ ದಿಗ್ರಿಗೆ ಕಳಿಸಿದರು. ಅದು ಬಾಂಬ್ ಹಾಕಲು ಹೋದದ್ದು ಒಂದೇ ಸಲ, ಮಂಡಾಲೆಗೆ. ಆಮೇಲೆ ಶತ್ರುವಿನ ಬೆನ್ನ ಹಿಂದೆ ಜನರನ್ನೂ ಸಾಮಾನನ್ನೂ ಪ್ಯಾರಾಚೂಟಿನಲ್ಲಿ ಇಳಿಸುವ ಕೆಲಸಕ್ಕೆ ಹಾಕಿದರು. ದಿಗ್ರಿ, ಸಲ್ಬನಿ, ಧುಬಾಲಿಯಾ ಎಲ್ಲವೂ ಬಂಗಾಳದ ಬಯಲಿನ ರನ್‌ವೇಗಳು. ಸುತ್ತ ಬಿದಿರಿನ ಬಾಷಾ ಗುಡಿಸಲು, ಡೇರೆ, ಸೊಳ್ಳೆ. ಮಲೇರಿಯಾಕ್ಕೆ ದಿನಾ ಮೆಪಕ್ರಿನ್ ನುಂಗಿ ಮೈಚರ್ಮ ಅರಿಸಿನ ಹಚ್ಚಿದಂತೆ ಆಗುತ್ತಿತ್ತಂತೆ.

ಅಲ್ಲಿಯ ದಿನ ಶುರುವಾಗುತ್ತಿದ್ದದ್ದು ಕತ್ತಲಲ್ಲಿ. ಹೊತ್ತೇರಿದರೆ ಅಲ್ಯೂಮಿನಿಯಂ ಮುಟ್ಟುವ ಹಾಗಿಲ್ಲ, ಬಿಸಿಲಲ್ಲಿಟ್ಟ ಸ್ಪ್ಯಾನರು ಅಂಗೈಯಲ್ಲಿ ಬೊಬ್ಬೆ ಎಬ್ಬಿಸುತ್ತದೆ. ಹಾಗಾಗಿ ನಾಲ್ಕೂವರೆ, ಐದಕ್ಕೇ ಎಂಜಿನ್ ಫಿಟ್ಟರು, ವಿಮಾನದ ಮೈ ರೆಕ್ಕೆ ನೋಡಿಕೊಳ್ಳುವ ರಿಗ್ಗರು ವಿಮಾನದ ಕೆಳಗೆ. ಮೊದಲ ಕೆಲಸ ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸುವುದು. ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ, ನಿನ್ನ ಹೆದರಿಕೆಯ ಬೇರು ಇಲ್ಲೇ ಇದೆ.

ಆ ಎಂಜಿನ್ನಿನಲ್ಲಿ ಸಿಲಿಂಡರುಗಳು ಹೂವಿನ ದಳದ ಹಾಗೆ ಸುತ್ತ ಇರುತ್ತವೆ, ಏಳೇಳರ ಎರಡು ಸುತ್ತು. ಕೆಳಗಿನವು ತಲೆಕೆಳಗಾಗಿ ನೇತಾಡುತ್ತವೆ. ರಾತ್ರಿಯೆಲ್ಲ ನಿಂತಾಗ ಎಣ್ಣೆ ಪಿಸ್ಟನ್ ರಿಂಗಿನ ಸಂದಿಯಿಂದ ಜಿನುಗಿ ಆ ಕೆಳಗಿನ ಸಿಲಿಂಡರಿನ ತಲೆಯಲ್ಲಿ ತುಂಬಿಕೊಳ್ಳುತ್ತದೆ. ಗಾಳಿಯನ್ನು ಅದುಮಬಹುದು, ಎಣ್ಣೆಯನ್ನು ಅದುಮಲಾಗದು. ಹಾಗೇ ಸ್ಟಾರ್ಟರ್ ಒತ್ತಿದರೆ ಪಿಸ್ಟನ್ ಆ ಎಣ್ಣೆಗೆ ಗುದ್ದಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅದಕ್ಕೇ ಇಗ್ನಿಷನ್ ಆಫ್ ಇದೆಯೆಂದು ಇಬ್ಬರು ನೋಡಿಕೊಂಡು, ಮೂರು ಅಲಗಿನ ಒಂದೊಂದು ಪ್ರೊಪೆಲ್ಲರನ್ನೂ ಎರಡು ಸುತ್ತು, ಅಂದರೆ ಆರು ಅಲಗು ಎಣಿಸಿ ಕೈಯಿಂದ ತಿರುಗಿಸಬೇಕು. ಗಾಳಿ ಇದ್ದರೆ ಅಲಗು ರಬ್ಬರಿನ ಹಾಗೆ ಎದುರು ಒತ್ತಿ ಆಮೇಲೆ ಬಿಟ್ಟುಕೊಡುತ್ತದೆ. ಎಣ್ಣೆ ಇದ್ದರೆ ಗೋಡೆಗೆ ತಾಗಿದ ಹಾಗೆ ಟಕ್ ಎಂದು ನಿಲ್ಲುತ್ತದೆ. ನಿಂತರೆ ಇನ್ನಿಬ್ಬರನ್ನು ಕರೆದು ಎಳೆಯಬಾರದು. ಕೆಳಗಿನ ಸಿಲಿಂಡರುಗಳ ಸ್ಪಾರ್ಕ್ ಪ್ಲಗ್ ಬಿಚ್ಚಿ, ಡಬ್ಬಿ ಹಿಡಿದು, ಎಣ್ಣೆ ಇಳಿಸಬೇಕು. ಸೋಮಾರಿ ಮಾಡುತ್ತಿದ್ದದ್ದು ಬೇರೆ. ಅಲಗನ್ನು ಹಿಂದಕ್ಕೆ ತಿರುಗಿಸಿಬಿಡುತ್ತಿದ್ದ. ಆಗ ಅದು ಸಲೀಸಾಗಿ ತಿರುಗುತ್ತದೆ, ಯಾಕೆಂದರೆ ಎಣ್ಣೆ ವಾಲ್ವು ದಾಟಿ ಇನ್‌ಟೇಕ್ ಪೈಪಿನೊಳಗೆ ಹೋಗಿ ಕೂತಿರುತ್ತದೆ. ಎಂಜಿನ್ ಸ್ಟಾರ್ಟ್ ಆದ ಕೂಡಲೆ ಅದನ್ನೇ ಮತ್ತೆ ಒಳಗೆ ಎಳೆದುಕೊಳ್ಳುತ್ತದೆ.

ಬಾಗಿದ ರಾಡು ಅಂದೇ ಮುರಿಯಬೇಕೆಂದಿಲ್ಲ. ಎಂಜಿನ್ ಓಡುತ್ತದೆ, ಪೈಲಟ್ ಪರೀಕ್ಷೆ ಮಾಡುತ್ತಾನೆ, ಎಲ್ಲ ಸರಿ ಎನ್ನುತ್ತಾನೆ. ಹತ್ತು ಗಂಟೆಯಾದ ಮೇಲೋ, ಮೂರನೇ ಹಾರಾಟದಲ್ಲೋ, ಸಮುದ್ರದ ಮೇಲೆ ಮುರಿಯುತ್ತದೆ. ಬೆಳಗಿನ ಜಾವ ಮಾಡಿದ ತಪ್ಪು ಇನ್ನೊಂದು ದಿನದ ಕತ್ತಲಲ್ಲಿ, ಸಾವಿರ ಮೈಲಿ ಆಚೆ, ತಪ್ಪು ಮಾಡಿದವನು ಮಲಗಿರುವಾಗ ಎದ್ದು ಕೂರುತ್ತದೆ. ನೀನು ಹೆದರುತ್ತಿರುವುದು ಇದಕ್ಕೇ ಅಲ್ಲವೇ? ಕಣ್ಣೆದುರಿಗೆ ಆಗುವ ಅನಾಹುತಕ್ಕೆ ಯಾರೂ ಅಷ್ಟು ಸಣ್ಣ ಅಕ್ಷರದಲ್ಲಿ ಬರೆಯುವುದಿಲ್ಲ.

ದೂರ ಎಂದೆನಲ್ಲ, ಎಷ್ಟು ದೂರ ಎಂದು ಹೇಳಿಬಿಡುತ್ತೇನೆ. 1944ರ ಅಕ್ಟೋಬರಿನಲ್ಲಿ ದಿಗ್ರಿಯ 159ನೇ ಸ್ಕ್ವಾಡ್ರನ್ ಹದಿನೈದು ಲಿಬರೇಟರ್‌ಗಳನ್ನು ಮಲಯಾದ ಪೆನಾಂಗ್ ಬಂದರಿಗೆ ಕಳಿಸಿತು, ಹಡಗು ಒಡೆಯುವ ಮೈನ್‌ಗಳನ್ನು ನೀರಿನಲ್ಲಿ ಬಿಡುವುದಕ್ಕೆ. ಹೋಗಿ ಬರಲು 3,000 ಮೈಲಿ. ಅಷ್ಟು ದೂರಕ್ಕೆ ಆ ವಿಮಾನ ಸಾಲದು ಎಂಬ ಮಾತಿತ್ತು. ಸಾಲುವಂತೆ ಮಾಡಿದ್ದು ಅಲ್ಲಿನ ವಿಂಗ್ ಕಮಾಂಡರ್ ಬ್ಲ್ಯಾಕ್‌ಬರ್ನ್ ಅವರ ಪೆಟ್ರೋಲ್ ಲೆಕ್ಕ. ಎಂಜಿನ್ನಿನ ಸುತ್ತು ಕಡಿಮೆ, ಅದಕ್ಕೆ ತುಂಬುವ ಗಾಳಿಯ ಒತ್ತಡ, ಅಂದರೆ ಬೂಸ್ಟ್ ಹೆಚ್ಚು, ಗಾಳಿಗೆ ಬೆರೆಸುವ ಪೆಟ್ರೋಲ್ ಕಡಿಮೆ. ಎಂಜಿನ್ ನಿಧಾನ ಸುತ್ತಿದಷ್ಟೂ ತನ್ನ ಘರ್ಷಣೆಗೆ ತಾನೇ ತಿನ್ನುವ ಪೆಟ್ರೋಲ್ ಕಡಿಮೆ. ಬೇಡದ ತೂಕವನ್ನೆಲ್ಲ ಕಿತ್ತು ಹಾಕಿದರು. ಬಾಂಬಿನ ಕೋಣೆಯಲ್ಲೂ ಪೆಟ್ರೋಲ್ ಟ್ಯಾಂಕ್ ಹೊತ್ತರು. ಈಗ ಯೋಚಿಸು: ನಾಲ್ಕರಲ್ಲಿ ಒಂದು ಎಂಜಿನ್ನಿನ ಕಾರ್ಬ್ಯುರೇಟರ್ ಸ್ವಲ್ಪ ಹೆಚ್ಚು ಕುಡಿಯುತ್ತಿದೆ, ಫಿಟ್ಟರ್ ಅದನ್ನು ಗಮನಿಸಿಲ್ಲ. ಎರಡು ಗಂಟೆಯ ಹಾರಾಟದಲ್ಲಿ ಅದು ಯಾರಿಗೂ ತಿಳಿಯುವುದಿಲ್ಲ. ಹದಿನೈದು ಗಂಟೆಗೂ ಮೀರಿದ ಹಾರಾಟದಲ್ಲಿ ಕರಾವಳಿ ಕಾಣುವ ಮೊದಲೇ ಗೇಜಿನ ಗಾಜಿನ ಕೊಳವೆ ಬರಿದಾಗುತ್ತದೆ.

ಪೆಟ್ರೋಲಿನ ಮಾತು ಬಂತು, ನೀರಿನ ಮಾತೂ ಹೇಳಿಬಿಡುತ್ತೇನೆ. ಮಳೆಗಾಲದ ಬಂಗಾಳ. ಡ್ರಮ್ಮಿನಲ್ಲಿ ನೀರು, ಪೆಟ್ರೋಲ್ ತುಂಬಿಸುವ ಬೌಸರ್ ಲಾರಿಯಲ್ಲಿ ನೀರು, ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಯಲ್ಲಿ ರಾತ್ರಿ ಬೆವರಿದ ನೀರು. ಡ್ರಮ್ಮಿನಿಂದ ಹಾಕುವಾಗ ಆಲಿಕೆಗೆ ಶಾಮಾಯ್ ಎಂಬ ಮೃದು ಚರ್ಮ ಕಟ್ಟಿ ಸೋಸುತ್ತಿದ್ದರು, ಅದರಲ್ಲಿ ಪೆಟ್ರೋಲ್ ಇಳಿಯುತ್ತದೆ, ನೀರು ಮೇಲೆ ನಿಲ್ಲುತ್ತದೆ. ತುಂಬಿಸಿ ಆದ ಮೇಲೂ ಸ್ವಲ್ಪ ಹೊತ್ತು ಬಿಟ್ಟು, ನೀರು ತಳಕ್ಕೆ ಇಳಿದ ಮೇಲೆ, ಟ್ಯಾಂಕಿನ ತಳದ ಪ್ರತಿ ಸಂಪಿನಿಂದ ಒಂದು ಲೋಟ ಹಿಡಿದು ನೋಡಬೇಕು. ಲೋಟದ ತಳದಲ್ಲಿ ಪಾದರಸದ ಹಾಗೆ ಗುಂಡಗೆ ಓಡಾಡುವ ಹನಿ ಕಂಡರೆ ಅದು ನೀರು. ಕಂಡಿತು, ಮತ್ತೆ ಹಿಡಿದೆ, ಸರಿಹೋಯಿತು. ಇದು ಸುಲಭ. ಕಷ್ಟದ್ದು ಇನ್ನೊಂದಿದೆ. ಲೋಟದ ತುಂಬ ನೀರೇ ಬಂದರೆ ಹನಿ ಕಾಣುವುದಿಲ್ಲ, ಎಲ್ಲ ತಿಳಿಯಾಗಿ ಕಾಣುತ್ತದೆ. ಚೆನ್ನಾಗಿದೆ ಎಂದು ಚೆಲ್ಲಿ ಮುಂದೆ ಹೋಗುತ್ತೀಯ. ಆಗಿನ 100 ಆಕ್ಟೇನ್ ಪೆಟ್ರೋಲಿಗೆ ಹಸಿರು ಬಣ್ಣ ಹಾಕಿರುತ್ತಿದ್ದರು. ಹನಿ ಹುಡುಕುವುದಕ್ಕಿಂತ ಮೊದಲು ಹಸಿರು ಹುಡುಕಬೇಕಿತ್ತು. ನಿನ್ನ ಇಂಧನದ ಬಣ್ಣ ಬೇರೆಯೇ ಇದ್ದೀತು, ಬಣ್ಣವೇ ಇಲ್ಲದೆಯೂ ಇದ್ದೀತು. ಕೆಟ್ಟದ್ದು ಪೂರ್ತಿ ತುಂಬಿಕೊಂಡಾಗ ಒಳ್ಳೆಯದರ ಹಾಗೇ ಕಾಣುತ್ತದೆ ಎಂಬುದನ್ನು ಮಾತ್ರ ನೆನಪಿಟ್ಟುಕೋ.

ಈ ಲೋಟದ ವಿಷಯದಲ್ಲಿ ನನ್ನದೊಂದು ಋಣ ಇದೆ. ಒಂದು ಮಳೆಯ ಬೆಳಿಗ್ಗೆ ಸಂಪ್ ಹಿಡಿಯದೆ ಹಿಡಿದೆ ಎಂದು ಸಹಿ ಹಾಕಿದ್ದೆ. ವಿಮಾನ ಹೋಯಿತು, ಬಂತು, ಯಾರೂ ಕೇಳಲಿಲ್ಲ. ಕೇಳದೆ ಇದ್ದದ್ದರಿಂದ ಇನ್ನೊಮ್ಮೆಯೂ ಹಾಗೇ ಮಾಡಿದೆ. ಇದನ್ನು ನಿಮ್ಮ ಅಜ್ಜಿಗೂ ಹೇಳಿರಲಿಲ್ಲ. ಸಾಕು.

ವಿಮಾನದ ದಾಖಲೆ ಪುಸ್ತಕ, ಫಾರ್ಮ್ 700, ನಿನಗೆ ಗೊತ್ತೇ ಇದೆ, ಅದರ ಹೆಸರು ಕೂಡ ಬದಲಾಗಿಲ್ಲ. ಆಗಲೂ ಎಂಜಿನ್ನಿನವನು, ಏರ್‌ಫ್ರೇಮಿನವನು, ವಿದ್ಯುತ್ತಿನವನು, ಉಪಕರಣದವನು, ವೈರ್‌ಲೆಸ್ಸಿನವನು, ಬಾಂಬು ಬಂದೂಕಿನವನು ಎಲ್ಲರೂ ತಮ್ಮ ತಮ್ಮ ಸಾಲಿಗೆ ಸಹಿ ಹಾಕಬೇಕು. ಎಷ್ಟು ಪೆಟ್ರೋಲ್, ಎಷ್ಟು ಎಣ್ಣೆ ಎಂದು ಬರೆಯಬೇಕು. ಕೊನೆಗೆ ಪೈಲಟ್ ಓದಿ ಸಹಿ ಹಾಕಿ ವಿಮಾನವನ್ನು ತನ್ನ ಕೈಗೆ ತೆಗೆದುಕೊಳ್ಳುತ್ತಾನೆ. ನಿನ್ನ ಸಾಲನ್ನು ಓದಿದಾಗ ನನಗೆ ಅನಿಸಿದ್ದು ಇಷ್ಟು: ನೀನು ಇಡೀ ವಿಮಾನಕ್ಕೆ ಸಹಿ ಹಾಕುತ್ತಿದ್ದೀಯ ಎಂದುಕೊಂಡಿದ್ದೀಯ. ನಿನ್ನ ಸಹಿ ಇರುವುದು ನಿನ್ನ ಸಾಲಿಗೆ, ಆ ತಾರೀಖಿಗೆ, ಆ ಹೊತ್ತಿಗೆ. ಇಂಥದ್ದನ್ನು ಇಂಥ ಹೊತ್ತಿನಲ್ಲಿ ನನ್ನ ಕಣ್ಣಿಂದ ನೋಡಿದೆ, ಕೈಯಿಂದ ಮುಟ್ಟಿದೆ ಎಂದಷ್ಟೇ ಅದು ಹೇಳುತ್ತದೆ. ವಿಮಾನ ಬರುತ್ತದೆ ಎಂದು ಬರೆದುಕೊಡುವ ಕಾಲಂ ಅದರಲ್ಲಿ ಇಲ್ಲ.

ಇದು ಸಮಾಧಾನವಾಗುತ್ತದೋ ಇಲ್ಲವೋ. ನನಗೂ ಪೂರ್ತಿ ಆಗಿಲ್ಲ.

ಮರೆವಿನ ವಿಷಯ. ಆ ಕಾಲದವರು ನೆನಪನ್ನು ನಂಬುತ್ತಿರಲಿಲ್ಲ, ಅದೇ ಅವರ ಜಾಣತನ. ಲಿಬರೇಟರ್ ನಿಂತಿರುವಾಗ ಗಾಳಿಗೆ ಬಾಲದ ರಡ್ಡರು, ರೆಕ್ಕೆಯ ಏಲೆರಾನು ಎಂಬ ಅಲ್ಲಾಡುವ ಹಲಗೆಗಳು ಬಡಿದಾಡದಂತೆ ಕಾಕ್‌ಪಿಟ್ಟಿನಿಂದಲೇ ಬೀಗ ಹಾಕುತ್ತಾರೆ. ಬೀಗ ತೆಗೆಯದೆ ಓಡಿಸಿದರೆ ರನ್‌ವೇ ಮುಗಿಯುವ ಕಡೆ ಎಲ್ಲ ಮುಗಿಯುತ್ತದೆ. ಆ ಬೀಗದ ಪಟ್ಟಿಯನ್ನು ಪೈಲಟ್‌ಗಳ ಮಧ್ಯೆ, ಮೇಲಿಂದ ಅಡ್ಡ ಬಿಗಿದಿರುತ್ತಿದ್ದರು. ಕೈ ಚಾಚಿದರೆ ಅದೇ ತಡೆಯಬೇಕು. ಬಾಂಬ್ ತುಂಬುವಾಗ ಹಿಂಭಾಗ ನೆಲಕ್ಕೆ ಕೂರದಂತೆ ಬಾಲದ ಕೆಳಗೆ ಒಂದು ಊರೆಗಂಬ ನಿಲ್ಲಿಸುತ್ತಿದ್ದರು. ಅದನ್ನೂ ಮರೆಯಬಹುದು. ವೇಗ ಅಳೆಯಲು ಗಾಳಿ ಹಿಡಿಯುವ ಪಿಟೋ ಕೊಳವೆಯ ಕವರು ಎಲ್ಲಕ್ಕಿಂತ ಸಣ್ಣದು, ಅದನ್ನೇ ಹೆಚ್ಚು ಮರೆಯುವುದು. ಕವರು ತೆಗೆಯದೆ ಹೋದರೆ ವೇಗದ ಮುಳ್ಳು ಏಳುವುದೇ ಇಲ್ಲ. ಕವರು ಹಾಕದೆ ಬಿಟ್ಟರೆ ನಮ್ಮ ಸೀಮೆಯಲ್ಲಿ ಇನ್ನೊಂದು ಪೀಡೆ. ಕಣಜ ಬಂದು ಒಂದೇ ಮಧ್ಯಾಹ್ನದಲ್ಲಿ ಕೊಳವೆಯೊಳಗೆ ಮಣ್ಣು ಮೆತ್ತಿ ಮೊಟ್ಟೆಯಿಟ್ಟು ಹೋಗುತ್ತದೆ. ಪೆಟ್ರೋಲ್ ಟ್ಯಾಂಕಿನ ಗಾಳಿಕಿಂಡಿಗೂ ಅದೇ ಗತಿ. ಕಿಂಡಿ ಮುಚ್ಚಿಕೊಂಡರೆ ಟ್ಯಾಂಕ್ ತುಂಬ ಪೆಟ್ರೋಲ್ ಇದ್ದರೂ ಎಂಜಿನ್ನಿಗೆ ಇಳಿಯುವುದಿಲ್ಲ. ಕವರಿಗೆ ಕೆಂಪು ಬಟ್ಟೆ ಕಟ್ಟುವುದು ಅಲಂಕಾರಕ್ಕಲ್ಲ. ತೆಗೆದ ಕವರುಗಳನ್ನು ಜೇಬಿಗೆ ತುರುಕದೆ ಕೈಯಲ್ಲಿ ಎತ್ತಿ ಹಿಡಿದು ಪೈಲಟ್‌ಗೆ ತೋರಿಸು. ಲಿಬರೇಟರಿಗೆ ಎರಡು ಪಿಟೋ, ಎರಡು ಬಟ್ಟೆ ಅವನ ಕಣ್ಣಿಗೆ ಬೀಳಬೇಕು. ಇದನ್ನು ನೀನು ಈಗಾಗಲೇ ಮಾಡುತ್ತಿರುತ್ತೀಯ, ಮುದುಕನ ಮಾತು ಎಂದು ಬಿಟ್ಟುಬಿಡು.

ಎಣ್ಣೆ ಟ್ಯಾಂಕಿನ ಮುಚ್ಚಳ ಕೂಡ. ಒಂದೊಂದು ಎಂಜಿನ್ನಿಗೆ ಮೂವತ್ತು ಗ್ಯಾಲನ್ನಿಗೂ ಮೇಲೆ ಎಣ್ಣೆ. ಮುಚ್ಚಳ ಕೂತಿದೆ, ಲಾಕ್ ಆಗಿಲ್ಲ. ನೆಲದ ಮೇಲೆ ಒಂದು ಹನಿಯೂ ಚೆಲ್ಲುವುದಿಲ್ಲ. ಹಾರಿದ ಮೇಲೆ ರೆಕ್ಕೆಯ ಮೇಲ್ಮೈಯಲ್ಲಿ ಗಾಳಿಯ ಒತ್ತಡ ಇಳಿಯುತ್ತದೆ, ಸ್ಟ್ರಾ ಹಾಕಿ ಹೀರಿದ ಹಾಗೆ ಎಣ್ಣೆಯೆಲ್ಲ ಮೇಲೆದ್ದು ಹೋಗುತ್ತದೆ. ಮುಚ್ಚಳವನ್ನು ನೋಡಿದರೆ ಸಾಲದು, ಬೆರಳಿಂದ ತಿರುಚಿ ನೋಡು.

ಹಾರುವ ಮುಂಚೆ ಎಂಜಿನ್ ಓಡಿಸಿ ನೋಡುವ ರನ್-ಅಪ್ಪಿನ ಮಾತನ್ನು ಹೆಚ್ಚು ಎಳೆಯುವುದಿಲ್ಲ. ಒಂದೊಂದು ಸಿಲಿಂಡರಿಗೆ ಎರಡು ಪ್ಲಗ್, ನಾಲ್ಕು ಎಂಜಿನ್ನಿಗೆ ಸೇರಿ 112. ಪ್ಲಗ್ಗಿಗೆ ಕಿಡಿ ಕೊಡುವ ಎರಡು ಮ್ಯಾಗ್ನೆಟೋಗಳಲ್ಲಿ ಒಂದನ್ನು ಆಫ್ ಮಾಡಿದಾಗ ನಿಮಿಷಕ್ಕೆ ನೂರು ಸುತ್ತಿಗಿಂತ ಹೆಚ್ಚು ಇಳಿದರೆ ವಿಮಾನ ವಾಪಸ್ ತನ್ನ ಜಾಗಕ್ಕೆ. ತುಂಬ ಹೊತ್ತು ನಿಧಾನ ಓಡಿಸಿದರೆ ಪ್ಲಗ್ಗಿಗೆ ಮಸಿ, ಜೋರು ಓಡಿಸಿದರೆ ಆ ಬಿಸಿಲಿನಲ್ಲಿ ಸಿಲಿಂಡರ್ ತಲೆ ಕಾದು ಕೆಂಡ. ಇವೆರಡರ ನಡುವೆ ಸಾಲಿನಲ್ಲಿ ಹದಿನೈದು ವಿಮಾನ ಕಾಯಬೇಕು. ಬಾಂಬಿನ ಕೋಣೆಯಲ್ಲಿ ಪೆಟ್ರೋಲ್ ವಾಸನೆ ಲಿಬರೇಟರಿಗೆ ಹುಟ್ಟಿನಿಂದ ಬಂದ ರೋಗ. ಆ ಬಾಗಿಲು ರೋಲಿಂಗ್ ಶಟರಿನ ಹಾಗೆ ಪಕ್ಕಕ್ಕೆ ಸುತ್ತಿಕೊಳ್ಳುತ್ತದೆ, ಅದನ್ನು ನಾಲ್ಕು ಬೆರಳಷ್ಟು ತೆರೆದು ಗಾಳಿಯಾಡಿಸಿಕೊಂಡೇ ಹಾರುತ್ತಿದ್ದರು.

ಆಮೇಲೆ ಹೋದವು. ಸಂಜೆ ಹೋದದ್ದು ಬೆಳಿಗ್ಗೆ ಬರಬೇಕು. ಕೆಳಗಿದ್ದವರು ಮಲಗುತ್ತಿದ್ದರೋ ಇಲ್ಲವೋ, ಬರುವ ಹೊತ್ತಿಗೆ ರನ್‌ವೇ ಪಕ್ಕ ಇರುತ್ತಿದ್ದರು. ಕಿವಿಯಿಂದಲೇ ಎಣಿಕೆ. ಎಲ್ಲರ ವಿಮಾನ ಬಂದು, ತನ್ನ ಜಾಗ ಒಂದೇ ಖಾಲಿ ಉಳಿದವನು ವಿಮಾನ ನಿಲ್ಲುವ ಚೌಕದ ಎಣ್ಣೆ ಕಲೆಯ ಹತ್ತಿರ, ಚಕ್ರಕ್ಕೆ ಅಡ್ಡ ಕೊಡುವ ದಿಮ್ಮಿ ಜೋಡಿಸಿಟ್ಟುಕೊಂಡು ಕೂತೇ ಇರುತ್ತಿದ್ದ. ಪೆಟ್ರೋಲ್ ಮುಗಿಯುವ ಹೊತ್ತು ಎಷ್ಟು ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತುಂಬಿಸಿದವನೇ ಅವನು. ಆ ಹೊತ್ತು ದಾಟಿದ ಮೇಲೂ ಅರ್ಧ ಗಂಟೆ ಕೂರುತ್ತಿದ್ದರಂತೆ.

ಯಾಕೆ ಬರಲಿಲ್ಲ ಎಂದು ಹೆಚ್ಚಿನ ಸಲ ಗೊತ್ತೇ ಆಗುತ್ತಿರಲಿಲ್ಲ, ರಾಘು. ಜಪಾನೀ ಗುಂಡೋ, ಬಂಗಾಳ ಕೊಲ್ಲಿಯ ಮಳೆಮೋಡವೋ. ಆ ಮೋಡದೊಳಗಿನ ಗಾಳಿಗೆ ಸಿಕ್ಕರೆ ಎಷ್ಟು ಒಳ್ಳೆಯ ರಿಗ್ಗರ್ ಬಿಗಿದ ರೆಕ್ಕೆಯೂ ಕಾಗದ. ಅಥವಾ ಒಂದು ಮುಚ್ಚಳವೋ. ಫಿಟ್ಟರನ ಪಾಲಿಗೆ ಆ ಮೂರೂ ಒಂದೇ ಹೊತ್ತಿಗೆ ನಿಜ. ಅಲ್ಲಿ ಒಂದು ಪದ್ಧತಿ ಇತ್ತು, ಅದು ನಿನ್ನಲ್ಲಿಯೂ ಇರಬೇಕು: ವಿಮಾನ ಬರದಿದ್ದರೆ ಅದರ ಫಾರ್ಮ್ 700 ಕೂಡಲೆ ತೆಗೆದಿಡುತ್ತಾರೆ, ಯಾರೂ ಒಂದು ಅಕ್ಷರ ಸೇರಿಸುವಂತಿಲ್ಲ, ತಿದ್ದುವಂತಿಲ್ಲ. ಮೊದಲು ನನಗೆ ಇದು ನಮ್ಮ ಮೇಲಿನ ಅನುಮಾನ ಎನಿಸುತ್ತಿತ್ತು. ಈಗ ಬೇರೆ ಥರ ಕಾಣುತ್ತದೆ. ಆ ಬೆಳಿಗ್ಗೆ ಚೌಕದಲ್ಲಿ ಕೂತವನಿಗೆ ತನ್ನ ತಲೆಯೊಳಗಿನ ಲೆಕ್ಕ ನಂಬುವುದಕ್ಕೆ ಆಗುವುದಿಲ್ಲ. ಮುಟ್ಟಿದೆನೋ ಇಲ್ಲವೋ, ತಿರುಚಿದೆನೋ ಇಲ್ಲವೋ. ಆಗ ಅವನ ಪರವಾಗಿ ಮಾತಾಡುವುದು ಹಿಂದಿನ ದಿನ ನಿದ್ದೆ ಚೆನ್ನಾಗಿ ಆಗಿದ್ದಾಗ, ಸಮಾಧಾನ ಇದ್ದಾಗ, ನಿಜವಾಗಿ ನೋಡಿ ಬರೆದ ಆ ಒಂದು ಸಾಲು. ನಾನು ಆ ಮಳೆಯ ದಿನ ಕಳೆದುಕೊಂಡದ್ದು ಅದನ್ನೇ. ನನ್ನ ವಿಮಾನ ಬರದೆ ಹೋಗಿದ್ದರೆ ನನ್ನ ಪರವಾಗಿ ಹೇಳುವವರು ಯಾರೂ ಇರುತ್ತಿರಲಿಲ್ಲ, ನಾನೂ ಸೇರಿ.

ನನಗೆ ಕಲಿಸಿದ ಒಬ್ಬರು ಪ್ರತಿ ಬೆಳಿಗ್ಗೆ ಅಲಗು ತಿರುಗಿಸುವಾಗ ಆರನ್ನು ಬಾಯಿಬಿಟ್ಟು ಎಣಿಸುತ್ತಿದ್ದರು. ಆಮೇಲೆ ಏಳನೆಯದನ್ನೂ ತಿರುಗಿಸುತ್ತಿದ್ದರು, ಅದನ್ನು ಎಣಿಸುತ್ತಿರಲಿಲ್ಲ. ಯಾಕೆ ಎಂದು ಕೇಳಬೇಕಿತ್ತು. ಬಂಗಾಳದಲ್ಲಿ ಅವರ ಒಂದು ವಿಮಾನ ಬಂದಿರಲಿಲ್ಲ ಎಂದು ಅವರು ಹೋದ ಮೇಲೆ ತಿಳಿಯಿತು.

ಯುದ್ಧ ಮುಗಿದ ಮೇಲೆ ಲಿಬರೇಟರ್‌ಗಳನ್ನು ಕಾನ್ಪುರದಲ್ಲಿ ರಾಶಿ ಹಾಕಿ, ಮತ್ತೆ ಹಾರದಂತೆ ಕೆಡಿಸಿ ಬಿಟ್ಟು ಹೋದರು. ಅವುಗಳನ್ನು ಅಲ್ಲೇ ಹಾರುವಷ್ಟು ಸರಿಮಾಡಿ, ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದು, ಎಚ್‌ಎಎಲ್‌ನಲ್ಲಿ ಪೂರ್ತಿ ಹೊಸದು ಮಾಡಿದರು. 1948ರಲ್ಲಿ ನಮ್ಮ 5ನೇ ಸ್ಕ್ವಾಡ್ರನ್ ಎದ್ದದ್ದು ಆ ವಿಮಾನಗಳ ಮೇಲೆ, ಅವು 1968ರವರೆಗೂ ಹಾರಿದವು. ಇದನ್ನು ಯಾಕೆ ಬರೆದೆ? ಬೇರೆ ಯಾರೋ ಸಹಿ ಹಾಕಿ ಬಿಟ್ಟ ಯಂತ್ರಕ್ಕೆ ಮತ್ತೆ ಮೊದಲಿಂದ ಸಹಿ ಹಾಕಿದವರು ನಮ್ಮ ಊರಿನ ಜನ. ಅವರಿಗೂ ನಿನ್ನ ಸಾಲು ಗಂಟಲಲ್ಲಿ ಸಿಕ್ಕಿಕೊಂಡಿರಬೇಕು.

ಸಲಹೆ ಎಂದು ಕೇಳಿದರೆ ನನ್ನ ಹತ್ತಿರ ಹೆಚ್ಚಿಲ್ಲ. ಕೆಲಸದ ಮಧ್ಯೆ ಯಾರಾದರೂ ಕರೆದರೆ, ಬಂದ ಮೇಲೆ ಬಿಟ್ಟಲ್ಲಿಂದ ಹಿಡಿಯಬೇಡ, ಮೂರು ಹೆಜ್ಜೆ ಹಿಂದಿನಿಂದ ಮತ್ತೆ ಶುರು ಮಾಡು. ಅರ್ಧ ಬಿಗಿದ ನಟ್ಟಿನ ಮೇಲೆ ಸ್ಪ್ಯಾನರನ್ನು ಹಾಗೇ ನೇತಾಡಿಸಿ ಹೋಗು, ಯಾರಾದರೂ ಬೈದರೂ ಪರವಾಗಿಲ್ಲ. ನಿನ್ನಲ್ಲಿ ಈಗ ಇದಕ್ಕೆ ಅನುಮತಿ ಇಲ್ಲದಿದ್ದರೆ ಕೆಂಪು ಚೀಟಿ ಕಟ್ಟು. ಹೆದರಿಕೆಯಾದ ದಿನ ಸಾರ್ಜೆಂಟ್‌ಗೆ ಹೇಳು, ಇನ್ನೊಂದು ಕಣ್ಣು ಬೇಕು ಎಂದು. ಅವರು ನಗುವುದಿಲ್ಲ. ನಕ್ಕರೆ ನನಗೆ ಬರಿ.

ಒಂದು ವಿಷಯ ನಿನ್ನ ಕಾಗದದಲ್ಲಿ ಸಿಗಲಿಲ್ಲ. ರಾತ್ರಿ ಪಾಳಿಯಲ್ಲಿ ನಿನ್ನ ಸಾಲಿನ ಕೆಳಗೆ ಎರಡನೆಯ ಸಹಿ ಹಾಕುವವರು ಯಾರು? ಅವರು ನೋಡಿ ಹಾಕುತ್ತಾರೋ, ನಿನ್ನ ಮೇಲಿನ ನಂಬಿಕೆಯಿಂದ ಹಾಕುತ್ತಾರೋ? ಮುಂದಿನ ಕಾಗದದಲ್ಲಿ ಅದನ್ನು ಮೊದಲು ಬರಿ, ಊಟದ ಸುದ್ದಿ ಆಮೇಲೆ.

ನಿನ್ನ ಅಜ್ಜ